ಅಚ್ಚಿಗೆ ಕಳಿಸುವ ಮೊದಲು ಕೊಪ್ಪಕ್ಕೆ ಹೋಗು

ಮಗೂ,

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಾರರು ಬದಲಾದ ಮಳೆಗೆ ಹೇಗೆ ಹೊಂದಿಕೊಳ್ಳುತ್ತಿದ್ದಾರೆ ಎಂಬ ಸಂಶೋಧನಾ ಪ್ರಬಂಧದ ಹೊಣೆ ನಿನಗೆ ಬಂದಿದೆ ಎಂದು ಬರೆದಿದ್ದೀಯ. ಹವಾಮಾನದವರು, ಸಸ್ಯರೋಗದವರು, ಅರ್ಥಶಾಸ್ತ್ರದವರು, ಮೂರೂ ತಾಲ್ಲೂಕಿನ ಒಂದಿಷ್ಟು ಬೆಳೆಗಾರರು, ಇಷ್ಟು ಜನರನ್ನು ಕೂಡಿಸಿಕೊಂಡು ಬರೆಸಬೇಕು. ಓದಿ ಬಹಳ ಸಂತೋಷವಾಯಿತು. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗುವ ಮೊದಲು ಅದನ್ನು ಕನ್ನಡದಲ್ಲಿ ಬರೆದು, ಮಾಹಿತಿ ಕೊಟ್ಟವರ ಎದುರು ಕೂತು ಓದಿ ಹೇಳು. ಅವರು ತಪ್ಪೆಂದು ತೋರಿಸಿದ್ದನ್ನು ಮತ್ತೆ ಪರೀಕ್ಷಿಸಿ, ಆಮೇಲೆ ಕಳಿಸು.

ಇದು ಬರೀ ಸೌಜನ್ಯದ ಮಾತಲ್ಲ. ನಿಮ್ಮ ಲೆಕ್ಕ ಸರಿಯಾಗುವುದೇ ಅಲ್ಲಿ. ಹೇಗೆಂದು ಹೇಳುತ್ತೇನೆ.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಳೆ ಪುಸ್ತಕ ಇದೆ. ಅಂಗಳದ ಮಳೆಮಾಪಕದಿಂದ ದಿನಾ ಬೆಳಿಗ್ಗೆ ಅಳೆದು ಬರೆದಿಟ್ಟದ್ದು. ನಿಮ್ಮ ಪ್ರಬಂಧದ ಜೀವ ಇರುವುದು ಅಲ್ಲೇ. ಈಗ ಗ್ರಾಮ ಪಂಚಾಯ್ತಿಗಳಲ್ಲಿ ಸರ್ಕಾರದ ಸ್ವಯಂಚಾಲಿತ ಮಳೆಮಾಪಕಗಳಿವೆ, ಸರಿ. ಆದರೆ ಅಜ್ಜನ ಕಾಲದಲ್ಲಿ ಒಂದೊಂದು ಊರಿಗೆ ಬಿದ್ದ ಮಳೆ ಬೇಕೆಂದರೆ ಹೆಚ್ಚಾಗಿ ಮನೆಯ ಪುಸ್ತಕವೇ ಗತಿ. ಅದರಲ್ಲಿ ಇಂಚು, ಸೆಂಟ್ಸ್ ಲೆಕ್ಕ. 2.54 ಎಂದು ಬರೆದಿದ್ದರೆ ಎರಡು ಇಂಚು ಐವತ್ನಾಲ್ಕು ಸೆಂಟ್ಸ್, ಅಂದರೆ 64.5 ಮಿಲಿಮೀಟರ್. ಹವಾಮಾನ ಇಲಾಖೆ ‘ಭಾರಿ ಮಳೆ’ ಎಂದು ಕರೆಯಲು ಶುರುಮಾಡುವುದು ಸರಿಯಾಗಿ ಆ ಗೆರೆಯಿಂದ. ಪಟ್ಟಣದಲ್ಲಿ ಕೂತ ಹುಡುಗ ಅದನ್ನು ಸೆಂಟಿಮೀಟರ್ ಎಂದು ತಿಳಿದು ಕಂಪ್ಯೂಟರಿಗೆ ತುಂಬಿದರೆ ಆ ದಿನದ ಭಾರಿ ಮಳೆ ಸಾಧಾರಣ ಮಳೆಯಾಗಿಬಿಡುತ್ತದೆ. ಇನ್ನೊಂದು ಇದೆ. ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ ಇಪ್ಪತ್ನಾಲ್ಕು ಗಂಟೆಯ ಮಳೆಯನ್ನು ಅಳೆದ ದಿನದ ಹೆಸರಿಗೇ ಬರೆಯುತ್ತಾರೆ. ಮನೆಗಳಲ್ಲಿ ಹಾಗಿಲ್ಲ. ಕೆಲವರು ನಿನ್ನೆಯ ಮಳೆ ನಿನ್ನೆಗೆ ಎಂದು ಹಿಂದಿನ ದಿನಕ್ಕೆ ಹಾಕುತ್ತಾರೆ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟರೆ ಒಂದೇ ಮಳೆ ಎರಡು ದಿನ ಬಿದ್ದಂತೆ ಕಾಣುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಇದು. ಮನೆಮಂದಿಯೆಲ್ಲ ಮದುವೆಗೆ ಹೋಗಿ ಮೂರು ದಿನ ಬಿಟ್ಟು ಬಂದು ಅಳೆದರೆ, ಮೂರು ದಿನದ ಮಳೆ ಒಂದೇ ಸಾಲಿನಲ್ಲಿ ಕೂರುತ್ತದೆ. ಹಿಂದಿನ ಎರಡು ಸಾಲು ಖಾಲಿ. ನಿಮ್ಮ ಗ್ರಾಫಿನಲ್ಲಿ ಅದು ಎರಡು ಒಣ ದಿನ, ಆಮೇಲೊಂದು ‘ಅತಿ ಭಾರಿ ಮಳೆ’! ಹವಾಮಾನ ಬದಲಾವಣೆಯ ಪ್ರಬಂಧಕ್ಕೆ ಎಂಥ ಆಸೆ ಹುಟ್ಟಿಸುವ ಅಂಕಿ ನೋಡು. ಅದು ಸುಳ್ಳೆಂದು ಹೇಳಬಲ್ಲವರು ಆ ಮನೆಯವರು ಮಾತ್ರ, ಅದೂ ನೀನು ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರೆ ಮಾತ್ರ. ಕೆಲವು ಪುಸ್ತಕಗಳಲ್ಲಿ ತಾರೀಖಿನ ಪಕ್ಕ ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರವನ್ನೂ ಬರೆದಿರುತ್ತಾರೆ. ಅದನ್ನು ಬಿಡಬೇಡ. ತಾರೀಖು ಅಳಿಸಿಹೋದ ಪುಟಗಳನ್ನು ಜೋಡಿಸಲು ಅದೇ ಆಧಾರ.

ಸರಾಸರಿಯ ಮೇಲೆ ನಿಲ್ಲಬೇಡ ಎಂದೂ ಹೇಳಬೇಕು. 2019ರ ಆಗಸ್ಟಿನಲ್ಲಿ ಮಲೆನಾಡಿನ ಗುಡ್ಡಗಳು ಜರಿದವು. 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಎರಡನ್ನೂ ಕೂಡಿ ಭಾಗಿಸಿದರೆ ಏನೂ ಆಗಿಲ್ಲ ಎಂಬಂತೆ ಒಂದು ಅಂಕಿ ಬರುತ್ತದೆ. ತೋಟದವನು ಬದುಕುವುದು ಸರಾಸರಿಯಲ್ಲಲ್ಲ, ಹೊಳವಿನಲ್ಲಿ, ಅಂದರೆ ಮಳೆಯ ನಡುವೆ ಸಿಗುವ ಬಿಡುವಿನಲ್ಲಿ. ಈ ಹೊಳವಿನ ವಿಷಯ ನಿನಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ತಂಡದ ಯಾವ ಪಟ್ಟಿಯಲ್ಲೂ ಅದಕ್ಕೊಂದು ಕಲಂ ಇರಲಾರದು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಮೊದಲನೆಯದು ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಈ ಎರಡನೆಯದೇ ಕಷ್ಟ. ಅಡಿಕೆ ಕೊನೆ ಒಣಗಿರಬೇಕು, ಮರ ಜಾರಬಾರದು, ಹೊಡೆದ ಔಷಧಿ ಅಂಟಿ ಆರಲು ಹೊತ್ತು ಬೇಕು. ಪುಷ್ಯ ಮಳೆಯಲ್ಲಿ ಅಂಥ ಹೊಳವು ಎಷ್ಟು ಸಿಕ್ಕಿತು, ಎಷ್ಟು ಗಂಟೆಯದು, ಆ ಹೊತ್ತಿಗೆ ಮರ ಹತ್ತುವ ಕೊನೆಗಾರ ಸಿಕ್ಕನೇ ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿದೆ. ದಿನದ ಮಳೆ 40 ಮಿಲಿಮೀಟರ್ ಎಂದರೆ ಏನೂ ತಿಳಿಯುವುದಿಲ್ಲ. ರಾತ್ರಿಯೇ ಸುರಿದು ಹಗಲು ಬಿಟ್ಟರೆ ಕೆಲಸ ಆಯಿತು. ಹಗಲಿಡೀ ಜಿಟಿಜಿಟಿ ಹಿಡಿದರೆ ಅದೇ ನಲವತ್ತರಲ್ಲಿ ಕೆಲಸ ಕೆಟ್ಟಿತು. ಎಷ್ಟು ಗಂಟೆಯ ಬಿಡುವನ್ನು ಹೊಳವು ಎಂದು ಎಣಿಸಬೇಕೆಂದು ಕೊನೆಗಾರರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಆಮೇಲೆ ಗಂಟೆಗಂಟೆಯ ಮಳೆ ಇರುವ ಕಡೆ ಅದನ್ನು ಎಣಿಸಿ. ನನ್ನ ಮಟ್ಟಿಗೆ ಇದು ನಿಮ್ಮ ಪ್ರಬಂಧದ ಅತಿ ದೊಡ್ಡ ಕೊಡುಗೆಯಾಗಬಹುದು.

ದೋಟಿಯ, ಅಂದರೆ ಉದ್ದ ಕೋಲಿನ ಬಗ್ಗೆಯೂ ಹೀಗೆಯೇ ಕೇಳಬೇಕು. ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಔಷಧಿ ಹೊಡೆಯುವವರು ಹೆಚ್ಚಾಗಿದ್ದಾರೆ. ಅದು ಮಳೆಗೆ ಹೊಂದಿಕೊಂಡದ್ದೋ, ಮರ ಹತ್ತುವವರ ಕೊರತೆಗೆ ಹೊಂದಿಕೊಂಡದ್ದೋ? ಕೊಂಡವನನ್ನು ಕೇಳದೆ ‘ಹವಾಮಾನ ಹೊಂದಾಣಿಕೆ’ ಎಂಬ ಪಟ್ಟಿಗೆ ಸೇರಿಸಿದರೆ ಅದು ನಿಮ್ಮ ಊಹೆ ಮಾತ್ರ.

ರೋಗಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರು. ಶೃಂಗೇರಿ, ಕೊಪ್ಪದ ತೋಟಗಳನ್ನು ಬರಿದು ಮಾಡಿದ ಹಳದಿ ಎಲೆ ರೋಗವನ್ನು ಬಿಸಿಯಾಗುತ್ತಿರುವ ಭೂಮಿಯ ತಲೆಗೆ ಕಟ್ಟಲು ತಂಡದಲ್ಲಿ ಯಾರಾದರೂ ಮುಂದೆ ಬಂದೇ ಬರುತ್ತಾರೆ. ಆ ರೋಗ ಕೇರಳದಲ್ಲಿ ಕಾಣಿಸಿಕೊಂಡದ್ದು 1914ರ ಹೊತ್ತಿಗೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಸಂಬಂಧ ಅದಕ್ಕಿದೆ, ಜಿಗಿಹುಳ ಅದನ್ನು ಹರಡುತ್ತದೆ. ಎಲೆ ಚುಕ್ಕೆ ರೋಗದ ಕಥೆ ಬೇರೆ, ಅದು ಶಿಲೀಂಧ್ರ, ಎಲೆ ಒದ್ದೆಯಾಗಿರುವ ಕಾಲಕ್ಕೂ ಅದಕ್ಕೂ ನಂಟಿದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಲು ಬಿಡಬೇಡ. ತೋಟ ಕಳೆದುಕೊಂಡವರಿಗೆ ನಾವು ಸಲ್ಲಿಸಬೇಕಾದದ್ದು ಸರಿಯಾದ ಕಾರಣ. ಕೇಳಲು ದೊಡ್ಡದಾದ ಕಾರಣ ಅವರ ತೋಟಕ್ಕೆ ಉಪಯೋಗವಿಲ್ಲ.

ಈ ನೆಲದಲ್ಲಿ ಕೆಲಸ ಮಾಡುವಾಗ ಲೆಸ್ಲಿ ಕೋಲ್ಮನ್ ಅವರನ್ನು ನೆನೆಯಬೇಕು. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬುಲೆಟಿನ್ ಹೊರತಂದರು. ಆಗ ಮಲೆನಾಡಿನವರು ಕೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಅಡಿಕೆ ಉಳಿಸಿಕೊಳ್ಳುತ್ತಿದ್ದರು. ಕೋಲ್ಮನ್ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು, ನೂರು ವರ್ಷ ದಾಟಿದರೂ ಅದು ತೋಟದಲ್ಲಿದೆ. ಅದು ಉಳಿದದ್ದು ಮರ ಹತ್ತುವವನ ಕೈಗೆ ತಲುಪಿದ್ದರಿಂದ ಎಂದು ನನ್ನ ನಂಬಿಕೆ. ಬಾಳೆಹೊನ್ನೂರಿನ ಬಳಿಯ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ, ಅದರ ಹಿಂದೆಯೂ ಅವರಿದ್ದರು. ಅಲ್ಲಿಗೂ, ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರಕ್ಕೂ ಮೊದಲ ತಿಂಗಳಲ್ಲೇ ಹೋಗಿ ಬಾ. ಅಲ್ಲಿಯ ವಿಜ್ಞಾನಿಗಳನ್ನು ಕೊನೆಗೆ ಹೆಸರು ಸೇರಿಸಲು ಕರೆಯುವುದು ಬೇಡ.

ಓದಿ ಹೇಳದೆ ಹೋದರೆ ಏನಾಗುತ್ತದೆಂದು ನಿಮ್ಮ ಊರುಗಳೇ ಬಲ್ಲವು. ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮ ಘಟ್ಟದ ಸಂರಕ್ಷಣೆಯ ವರದಿಯನ್ನು 2011ರ ಆಗಸ್ಟಿನಲ್ಲಿ ಒಪ್ಪಿಸಿತು. ಜನರ ಕಣ್ಣಿಗೆ ಬಿದ್ದದ್ದು ಮಾಹಿತಿ ಹಕ್ಕಿನ ಹೋರಾಟ, ನ್ಯಾಯಾಲಯದ ಆದೇಶ ಎಲ್ಲ ಆಗಿ 2012ರ ಮೇ ತಿಂಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ಗ್ರಾಮಸಭೆಗಳನ್ನು ಕೇಳಿ ತೀರ್ಮಾನ ಮಾಡಿ ಎಂದು ಹೇಳಿದ್ದ ವರದಿಯೇ ಹೆಚ್ಚಿನ ಗ್ರಾಮಸಭೆಗಳಿಗೆ ತಲುಪಲಿಲ್ಲ. 2013ರಲ್ಲಿ ಅದೇ ವಿಷಯದ ಕಸ್ತೂರಿರಂಗನ್ ವರದಿ ಬರುವ ಹೊತ್ತಿಗೆ ಮಲೆನಾಡಿನಲ್ಲಿ ಭಯ ಬೇರೂರಿತ್ತು. ವರದಿಗಳ ಪರ ವಿರೋಧ ಏನೇ ಇರಲಿ, ಕೊಪ್ಪದಲ್ಲಿ ಇಂದು ಪಟ್ಟಿ ಹಿಡಿದು ಬಂದವರನ್ನು ಜನ ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣವಿದೆ. ಆ ಅನುಮಾನವನ್ನು ನೀನು ಗೌರವಿಸಬೇಕು.

ಲೇಖಕರ ಹೆಸರಿನ ವಿಷಯ ಮೊದಲ ಸಭೆಯಲ್ಲೇ ಮಾತಾಡು, ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ತೆಗೆದುಕೋ. ಯಾರು ಏನು ಮಾಡುತ್ತಾರೆ, ಯಾವ ಕ್ರಮ, ಯಾರಾದರೂ ನಡುವೆ ಬಿಟ್ಟರೆ ಏನು. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಮನೆಮನೆ ತಿರುಗಿದ ವಿದ್ಯಾರ್ಥಿಯ ಹೆಸರು ಹಿಂದೆ ಹೋಗಿ, ಸಭೆಗೂ ಬಾರದ ಹಿರಿಯರ ಹೆಸರು ಮುಂದೆ ಬರಲು ಬಿಡಬೇಡ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಮಾಡಿಕೊಂಡಿರುವ ನಿಯಮವೊಂದಿದೆ. ಕೆಲಸದಲ್ಲಿ ನಿಜವಾದ ಪಾಲು, ಕರಡನ್ನು ಬರೆಯುವುದು ಅಥವಾ ಓದಿ ತಿದ್ದುವುದು, ಕೊನೆಯ ರೂಪಕ್ಕೆ ಒಪ್ಪಿಗೆ, ಅದಕ್ಕೆ ಜವಾಬ್ದಾರಿ, ಈ ನಾಲ್ಕೂ ಇದ್ದವರು ಲೇಖಕರು. ನಲವತ್ತು ವರ್ಷದ ಮಳೆ ಪುಸ್ತಕ ಕೊಟ್ಟ ತೋಟಗಾರರಿಗೆ ಮೊದಲನೆಯದು ಇದೆ. ಕರಡು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಉಳಿದ ಮೂರನ್ನು ಅವರಿಂದ ಕಿತ್ತುಕೊಂಡವರು ನಾವೇ. ಕನ್ನಡದ ಕರಡು ಕೊಟ್ಟರೆ ಅವರು ನಿನ್ನ ಸಹಲೇಖಕರು, ಪೂರ್ತಿ ಅರ್ಥದಲ್ಲಿ. ಹೆಸರು ಬೇಡ ಎಂದವರ ಮಾತನ್ನೂ ಹಾಗೆಯೇ ನಡೆಸು.

ಓದಿ ಹೇಳಿದಾಗ ಆಕ್ಷೇಪ ಬರುತ್ತದೆ. ಒಂದೊಂದನ್ನೂ ಬರೆದಿಟ್ಟು, ಒಂದೊಂದಕ್ಕೂ ಉತ್ತರ ಬರೆ. 2022ರ ಫೆಬ್ರುವರಿ 28ರಂದು ಹೊರಬಂದ, ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯ ಹೊಂದಾಣಿಕೆಯ ವರದಿಯನ್ನು 67 ದೇಶಗಳ 270 ಲೇಖಕರು ಬರೆದರು. ಅದರ ಕರಡುಗಳಿಗೆ 62,000ಕ್ಕೂ ಹೆಚ್ಚು ಟೀಕೆಗಳು ಬಂದವು. ಬಂದ ಪ್ರತಿಯೊಂದು ಟೀಕೆಯನ್ನೂ ಏನು ಮಾಡಿದೆವೆಂದು ಲೇಖಕರು ಬರೆದಿಡಬೇಕೆಂಬುದು ಅಲ್ಲಿಯ ಕ್ರಮ. ಅಷ್ಟು ದೊಡ್ಡವರಿಗೆ ಸಾಧ್ಯವಾದದ್ದು ಮೂರು ತಾಲ್ಲೂಕಿನ ತಂಡಕ್ಕೂ ಸಾಧ್ಯ. ಒಪ್ಪಿಗೆಯಾಗದೆ ಉಳಿದದ್ದನ್ನು ‘ಬೆಳೆಗಾರರ ಅಭಿಪ್ರಾಯ ಹೀಗಿದೆ, ನಮ್ಮ ಲೆಕ್ಕ ಹೀಗೆ ಹೇಳುತ್ತದೆ’ ಎಂದು ಎರಡನ್ನೂ ಅಚ್ಚು ಹಾಕಿಸು. ಯಾರಾದರೂ ತಮ್ಮ ಪುಸ್ತಕ ವಾಪಸು ಬೇಕು, ನಮ್ಮ ಅಂಕಿ ಬೇಡ ಎಂದರೆ ತೆಗೆದುಬಿಡು. ಗ್ರಾಫ್ ಬಡವಾದರೂ ಚಿಂತೆಯಿಲ್ಲ.

ಮೂರು ತಾಲ್ಲೂಕನ್ನು ಒಂದೇ ಎಂದು ಬಗೆಯಬೇಡ. ಪಶ್ಚಿಮದ ಶೃಂಗೇರಿಯ ಮಳೆ ಪೂರ್ವದ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಇಳಿಯುತ್ತದೆ. ಆ ಕಡೆ ಭದ್ರೆಯ ಹಿನ್ನೀರು, ರಬ್ಬರ್ ತೋಟಗಳು, ಮಲಯಾಳಂ ಮನೆಮಾತಿನ ಕುಟುಂಬಗಳು. ಅಲ್ಲಿಗೆ ಮಲಯಾಳಂ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗು. ಸಭೆಯಲ್ಲಿ ಹೆಂಗಸರು ಹಿಂದೆ ಕೂತು ಸುಮ್ಮನಿದ್ದರೆ, ಮುಗಿದ ಮೇಲೆ ಅಡುಗೆಮನೆಯ ಕಡೆ ಹೋಗಿ ಕೇಳು. ಮಳೆ ಪುಸ್ತಕ ಬರೆಯುವ ಕೈ ಎಷ್ಟೋ ಮನೆಗಳಲ್ಲಿ ಅವರದೇ.

ಓದಿ ಹೇಳುವ ದಿನ ಗೊತ್ತುಮಾಡುವುದೊಂದು ಉಳಿಯಿತು. ಅಕ್ಟೋಬರಿನಿಂದ ಕೊನೆ ಕೊಯ್ಲು, ಅಡಿಕೆ ಸುಲಿತ, ಅದರ ಬೆನ್ನಿಗೆ ಕಾಫಿ ಕೊಯ್ಲು. ಆ ತಿಂಗಳುಗಳಲ್ಲಿ ಯಾರನ್ನೂ ಕರೆಯಬೇಡ. ಮಾರ್ಚ್ ಕೊನೆಯ ಹೊತ್ತಿಗೆ ಕೈ ಸ್ವಲ್ಪ ಬಿಡುವಾಗುತ್ತದೆ. ಕನ್ನಡದ ಕರಡನ್ನು ಅದಕ್ಕೆ ಎರಡು ವಾರ ಮೊದಲೇ ಮನೆಗಳಿಗೆ ತಲುಪಿಸು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಕೊನೆಗಾರರಿಗೆ ಅಂದಿನ ಕೂಲಿ ತಪ್ಪದಂತೆ ಯೋಜನೆಯ ಹಣದಲ್ಲಿ ಈಗಲೇ ಒಂದು ಬಾಬತ್ತು ಬರೆಸಿಡು, ಆಮೇಲೆ ಕೇಳಿದರೆ ಲೆಕ್ಕಪತ್ರದವರು ಒಪ್ಪುವುದಿಲ್ಲ.