ಬಸ್ ಮಾಡಿಕೊಂಡು ಮಾರ್ನಿಂಗ್ಟನ್‌ಗೆ: ಎರಡು ವೈನರಿ ಸಾಕು, ಐದು ಬೇಡ

ಮೆಲ್ಬರ್ನ್‌ನ ಕನ್ನಡ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಸಿಗೆ ಇಳಿಯುತ್ತಿದ್ದಂತೆ ಒಂದು ಪಟ್ಟಿ ಓಡಾಡತೊಡಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಸ್, ಐದು ವೈನರಿ, ನಡುವೆ ಊಟ, ಸ್ಟ್ರಾಬೆರಿ ತೋಟ, ಆರ್ಥರ್ಸ್ ಸೀಟ್ ಬೆಟ್ಟ, ಕಡಲತೀರ, ಸಂಜೆ ಆರಕ್ಕೆ ವಾಪಸ್. ಓದಲು ಸೊಗಸಾಗಿರುತ್ತದೆ. ಆದರೆ ಆ ದಿನ ಮೂರನೇ ವೈನರಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿರುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಸೀಟಿನಲ್ಲೇ ತೂಕಡಿಸುತ್ತಿರುತ್ತಾರೆ, ಸಮುದ್ರ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟೇ ಭಾಗ್ಯ. ಈ ಪಟ್ಟಿಯನ್ನು ಹೇಗೆ ತಿದ್ದಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಜಾಗದ ಪರಿಚಯ ಬೇಗ ಮುಗಿಸಿಬಿಡೋಣ. ಮಾರ್ನಿಂಗ್ಟನ್ ಪೆನಿನ್ಸುಲಾ ಮೆಲ್ಬರ್ನ್‌ನ ಆಗ್ನೇಯಕ್ಕೆ ಚಾಚಿರುವ ಪರ್ಯಾಯ ದ್ವೀಪ. ಒಂದು ಕಡೆ ಪೋರ್ಟ್ ಫಿಲಿಪ್ ಕೊಲ್ಲಿ, ಇನ್ನೊಂದು ಕಡೆ ವೆಸ್ಟರ್ನ್ ಪೋರ್ಟ್, ದಕ್ಷಿಣಕ್ಕೆ ಬಾಸ್ ಜಲಸಂಧಿ. ಮೂರೂ ಕಡೆಯಿಂದ ಬೀಸುವ ಕಡಲ ಗಾಳಿಗೆ ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ. ಹಾಗಾಗಿ ಇಲ್ಲಿನ ಹೆಸರೆಲ್ಲ ಪಿನೋ ನ್ವಾರ್, ಶಾರ್ಡನೇ, ಪಿನೋ ಗ್ರಿ ತಳಿಗಳದು. ನಂದಿ ತಪ್ಪಲಿನ ತೋಟಗಳಲ್ಲಿ ಬಿಸಿಲುಂಡ ಗಾಢ ಶಿರಾಜ್ ಕುಡಿದು ಬಂದವರಿಗೆ ಇಲ್ಲಿನ ಕೆಂಪು ವೈನ್ ಮೊದಲಿಗೆ ತೆಳು ಅನಿಸೀತು. ಅದು ದೋಷವಲ್ಲ, ಈ ನೆಲದ ಗುಣವೇ ಹಾಗೆ. ರೆಡ್ ಹಿಲ್, ಮೇನ್ ರಿಡ್ಜ್ ಸುತ್ತ ಎತ್ತರದಲ್ಲಿ ಜ್ವಾಲಾಮುಖಿ ಮೂಲದ ಕೆಂಪು ಮಣ್ಣು. ಕೆಳಗಿನ ಮೂರುಡಕ್ ಕಡೆ ಸೆಖೆ ತುಸು ಹೆಚ್ಚು, ಹಣ್ಣೂ ಬೇಗ. ಮೇಲಿನದೊಂದು, ಕೆಳಗಿನದೊಂದು ವೈನರಿ ಆರಿಸಿಕೊಂಡರೆ ಒಂದೇ ತಳಿಯ ಎರಡು ರುಚಿ ಸಿಗುತ್ತದೆ.

ಆ ‘45 ನಿಮಿಷ’ ಎಂಬ ಸುಳ್ಳು

ಎಲ್ಲ ಪಟ್ಟಿಗಳಲ್ಲೂ ವೈನರಿಯ ಹೆಸರಿನ ಪಕ್ಕ ‘45 ನಿಮಿಷ’ ಎಂದು ಬರೆದಿರುತ್ತಾರೆ. ವೈನರಿಯವರು ಹೇಳುವ ಲೆಕ್ಕ ಅದು, ತಪ್ಪೇನಲ್ಲ. ಆದರೆ ಅದು ಎಲ್ಲರೂ ಲೋಟ ಹಿಡಿದು ನಿಂತ ಮೇಲೆ ಶುರುವಾಗುವ 45 ನಿಮಿಷ.

ನಲವತ್ತು ಜನರ ಬಸ್ ಅಂಗಳಕ್ಕೆ ಬಂದು ನಿಂತಿತು ಅಂದುಕೊಳ್ಳಿ. ದೊಡ್ಡ ಬಸ್ಸಿಗೆ ಹೆಚ್ಚಾಗಿ ಇಳಿಯುವ ಬಾಗಿಲು ಒಂದೇ. ಮೊಣಕಾಲು ನೋವಿನ ಹಿರಿಯರು ಮೆಟ್ಟಿಲು ಹಿಡಿದು ಇಳಿಯಬೇಕು, ಮಗುವಿನ ಶೂ ಸೀಟಿನ ಕೆಳಗೆ ಸೇರಿಕೊಂಡಿರುತ್ತದೆ, ಮರೆತ ಸ್ವೆಟರಿಗೆ ಇನ್ನೊಬ್ಬರು ವಾಪಸ್ ಹತ್ತುತ್ತಾರೆ. ಅಲ್ಲಿಗೆ ಹತ್ತು ನಿಮಿಷ. ಇಳಿದವರೆಲ್ಲ ನೇರ ಹೋಗುವುದು ಶೌಚಾಲಯಕ್ಕೆ. ಸಣ್ಣ ವೈನರಿಯಲ್ಲಿ ಹೆಂಗಸರಿಗೆ ಒಂದೋ ಎರಡೋ ಇರುತ್ತದೆ. ಸಾಲು ಕರಗಲು ಇನ್ನೊಂದು ಹದಿನೈದು ನಿಮಿಷ. ಆಮೇಲೆ ನಿಮ್ಮ 45. ಮುಗಿಯುತ್ತಿದ್ದಂತೆ ಅರ್ಧ ಜನ ಬಾಟಲಿ ಕೊಳ್ಳಲು ಗಲ್ಲಾಕ್ಕೆ ಮುತ್ತುತ್ತಾರೆ. ಕಾರ್ಡ್ ಯಂತ್ರ ಒಂದೇ, ಅಲ್ಲೊಂದು ಹದಿನೈದು. ಉಳಿದರ್ಧ ಬಳ್ಳಿಗಳ ಸಾಲಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ, ಅವರನ್ನು ಹುಡುಕಿ, ಎಣಿಸಿ, ಹತ್ತಿಸಲು ಹತ್ತು. ಒಟ್ಟು ಕೂಡಿಸಿದರೆ 95 ನಿಮಿಷ. ಪಟ್ಟಿಯಲ್ಲಿ ಬರೆದದ್ದರ ಎರಡರಷ್ಟಕ್ಕಿಂತ ಹೆಚ್ಚು.

ಈಗ ಇನ್ನೊಂದು ತುದಿಯಿಂದ ನೋಡಿ. ಇಲ್ಲಿನ ಸೆಲ್ಲರ್ ಡೋರ್‌ಗಳು, ಅಂದರೆ ವೈನ್ ರುಚಿ ನೋಡಿ ಕೊಳ್ಳುವ ಕೌಂಟರುಗಳು, ಬಹುತೇಕ ಹನ್ನೊಂದಕ್ಕೆ ತೆರೆದು ಐದಕ್ಕೆ ಮುಚ್ಚುತ್ತವೆ. ಕೈಯಲ್ಲಿರುವುದು ಆರು ಗಂಟೆ. ಅದರಲ್ಲಿ ಊಟಕ್ಕೆ ಒಂದೂವರೆ ಗಂಟೆ ತೆಗೆಯಿರಿ, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಮುಕ್ಕಾಲು ಗಂಟೆ ತೆಗೆಯಿರಿ. ಎರಡು ವೈನರಿ ಆರಾಮವಾಗಿ ಹಿಡಿಯುತ್ತವೆ. ಮೂರನೆಯದನ್ನು ತುರುಕಿದಿರೋ, ಸಂಘಟಕ ಇಡೀ ದಿನ ‘ಬೇಗ ಬನ್ನಿ, ಬೇಗ ಬನ್ನಿ’ ಎಂದು ಕೂಗುವ ಕಂಡಕ್ಟರ್ ಆಗಬೇಕಾಗುತ್ತದೆ.

ಗಡಿಯಾರದ ಲೆಕ್ಕ ಒಪ್ಪದವರಿಗೆ ಲೋಟದ ಲೆಕ್ಕ. ರುಚಿಗೆಂದು ಸುರಿಯುವುದು ಒಂದು ಬಗೆಗೆ ಸುಮಾರು 30 ಮಿ.ಲೀ. ಐದು ಬಗೆಗೆ 150. ಹದಿಮೂರು ಶೇಕಡ ಆಲ್ಕೊಹಾಲ್ ಇರುವ ವೈನ್ 100 ಮಿ.ಲೀ. ಕುಡಿದರೆ ಆಸ್ಟ್ರೇಲಿಯದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’, ಅಂದರೆ 10 ಗ್ರಾಂ ಆಲ್ಕೊಹಾಲ್. ಎರಡು ವೈನರಿಗೆ ಮೂರು ಡ್ರಿಂಕ್, ಊಟದ ಜತೆ ಅದೇ 150 ಮಿ.ಲೀ.ಯ ಒಂದು ಗ್ಲಾಸ್ ಸೇರಿದರೆ ನಾಲ್ಕೂವರೆ. ಅಲ್ಲಿನ ಆರೋಗ್ಯ ಮಾರ್ಗಸೂಚಿ ದಿನಕ್ಕೆ ನಾಲ್ಕು ದಾಟಬೇಡಿ ಎನ್ನುತ್ತದೆ. ಹೀಗಿರುವಾಗ ಐದು ವೈನರಿ ಯಾರಿಗಾಗಿ? ಕೌಂಟರಿನ ಮೇಲೆ ಪೀಕದಾನಿಯಂಥ ಪಾತ್ರೆಯೊಂದು ಇಟ್ಟಿರುತ್ತಾರೆ. ಬಾಯಲ್ಲಾಡಿಸಿ ಅದರಲ್ಲಿ ಉಗುಳುವುದು, ಬೇಡವಾದದ್ದನ್ನು ಸುರಿಯುವುದು ಅಲ್ಲಿ ಅಸಭ್ಯವಲ್ಲ. ನಮ್ಮವರು ಸಂಕೋಚಪಟ್ಟು ಎಲ್ಲವನ್ನೂ ನುಂಗುತ್ತಾರೆ. ಹೊರಡುವಾಗಲೇ ಬಸ್ಸಿನ ಮೈಕಿನಲ್ಲಿ ಇದನ್ನು ಹೇಳಿಬಿಡಿ. ಅಮಲೇರಿದವರಿಗೆ ಸಿಬ್ಬಂದಿ ಕೊಡುವುದಿಲ್ಲ, ಕಾನೂನೇ ಹಾಗಿದೆ. ಅವರ ಜತೆ ವಾದಕ್ಕೆ ನಿಲ್ಲಬೇಡಿ.

ಮೊದಲು ತಲೆ ಎಣಿಸಿ, ಆಮೇಲೆ ಬಸ್

ಬಸ್ ಗೊತ್ತು ಮಾಡಿ ಜನರನ್ನು ಹುಡುಕುವುದು ನಮ್ಮ ಪದ್ಧತಿ. ಉಲ್ಟಾ ಮಾಡಿ. ಹಣ ಕೊಟ್ಟವರನ್ನಷ್ಟೇ ಎಣಿಸಿ. ‘ಅಣ್ಣಾ, ನಮ್ದೂ ಇಬ್ರು ಹಾಕ್ಕೊಳಿ’ ಎಂದವರು ಹಿಂದಿನ ರಾತ್ರಿ ಮಗುವಿಗೆ ಜ್ವರ ಅನ್ನುತ್ತಾರೆ, ಆ ಎರಡು ಸೀಟಿನ ದುಡ್ಡು ನಿಮ್ಮ ಜೇಬಿನಿಂದ. ಇಪ್ಪತ್ತರ ಆಸುಪಾಸಿನ ಗುಂಪಾದರೆ ಮಿನಿ ಬಸ್ ಸಾಕು, ಅದೇ ಮೇಲು ಕೂಡ. ರೆಡ್ ಹಿಲ್ ಸುತ್ತಿನ ರಸ್ತೆಗಳು ಕಿರಿದು, ಮರದ ಕೊಂಬೆಗಳು ತಗ್ಗಿಗೆ ಬಾಗಿರುತ್ತವೆ, ಕೆಲವು ವೈನರಿಗಳ ಒಳದಾರಿ ಜಲ್ಲಿ ಹಾಸಿದ್ದು. ಐವತ್ತು ಸೀಟಿನ ಬಸ್ ಒಳಗೆ ಹೋದರೂ ತಿರುಗಲು ಜಾಗ ಬೇಕಲ್ಲ. ಅದಕ್ಕೇ ವೈನರಿಗೆ ಫೋನ್ ಮಾಡಿದಾಗ ‘ಗುಂಪಿನಲ್ಲಿ ಬರುತ್ತೇವೆ’ ಎಂದರೆ ಸಾಲದು. ‘ಬಸ್ಸಿನಲ್ಲಿ ಬರುತ್ತೇವೆ, ಬಸ್ ಇಷ್ಟು ಉದ್ದ’ ಎನ್ನಿ. ಬಸ್ಸುಗಳನ್ನೇ ಒಳಗೆ ಬಿಡದ ಜಾಗಗಳಿವೆ. ಹತ್ತು ಜನ ದಾಟಿದರೆ ಮುಂಗಡ ಹೇಳದೆ ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸುವ ಜಾಗಗಳೂ ಇವೆ.

ವಿಕ್ಟೋರಿಯ ರಾಜ್ಯದಲ್ಲಿ ಬಾಡಿಗೆ ಬಸ್ ಓಡಿಸುವವರಿಗೆ ಸರ್ಕಾರದ ಮಾನ್ಯತೆಯೋ ನೋಂದಣಿಯೋ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಪರಿಚಯದವರ ವ್ಯಾನ್ ಮಾಡಿಕೊಳ್ಳುವ ಮುನ್ನ ಅದನ್ನು ಕೇಳಿ. ಚಾಲಕರ ರಕ್ತದಲ್ಲಿ ಆಲ್ಕೊಹಾಲ್ ಪೂರ್ತಿ ಸೊನ್ನೆ ಇರಬೇಕು, ಆದ್ದರಿಂದ ‘ಒಂದು ಗುಟುಕು ಸರ್’ ಎಂಬ ಉಪಚಾರ ಬೇಡ. ಊಟದ ಎಣಿಕೆಯಲ್ಲಿ ಅವರನ್ನು ಸೇರಿಸಿ, ಅದು ಉಪಚಾರ. ಸಾಮಾನ್ಯ ನಿಯಮದಲ್ಲಿ ಅವರು 24 ಗಂಟೆಯಲ್ಲಿ 12 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ನಡುನಡುವೆ ವಿಶ್ರಾಂತಿಯೂ ಕಡ್ಡಾಯ. ಡಿಪೋದಿಂದ ನಿಮ್ಮ ಬಡಾವಣೆಗೆ ಬರುವ ಹೊತ್ತೂ ಆ ಲೆಕ್ಕಕ್ಕೇ ಬೀಳುತ್ತದೆ. ‘ಇನ್ನೊಂದು ಗಂಟೆ ಇದ್ದು ಹೋಗೋಣ’ ಎಂಬುದು ಅವರ ಕೈಯಲ್ಲಿಲ್ಲ.

ಹತ್ತಿಸಿಕೊಳ್ಳುವ ಜಾಗ ಎರಡಕ್ಕಿಂತ ಹೆಚ್ಚು ಬೇಡ. ನಗರದ ಮಧ್ಯದಿಂದ ರೆಡ್ ಹಿಲ್‌ಗೆ ಸುಮಾರು 80 ಕಿ.ಮೀ., ಬಸ್ಸಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಪಾಯಿಂಟ್ ಕುಕ್, ಟಾರ್ನೀಟ್ ಕಡೆಯವರನ್ನು ಹತ್ತಿಸಿಕೊಂಡು ವೆಸ್ಟ್ ಗೇಟ್ ಸೇತುವೆ ದಾಟಿ, ಗ್ಲೆನ್ ವೇವರ್ಲಿಯವರನ್ನೂ ಕೂರಿಸಿಕೊಂಡು ಹೋಗುವಷ್ಟರಲ್ಲಿ ಅರ್ಧ ಬೆಳಗು ಹೋಗುತ್ತದೆ. ಗುಂಪಿನಲ್ಲಿ ಪಶ್ಚಿಮದವರೇ ಹೆಚ್ಚಿದ್ದರೆ ಮಾರ್ನಿಂಗ್ಟನ್ ಬಿಟ್ಟು ಜೀಲಾಂಗ್ ಆಚೆಯ ಬೆಲರೀನ್ ಪೆನಿನ್ಸುಲಾಕ್ಕೆ ಹೋಗಿ ಎಂದೇ ನನ್ನ ಸಲಹೆ. ಅಲ್ಲೂ ಕಡಲಿದೆ, ಅಲ್ಲೂ ಪಿನೋ ಇದೆ, ನಗರ ದಾಟುವ ತಲೆನೋವಿಲ್ಲ.

ಯಾವ ದಿನ?

ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೆ ಇಡೀ ಮೆಲ್ಬರ್ನ್ ಈ ಕಡಲತೀರದಲ್ಲಿರುತ್ತದೆ. ಆಗ ಹೋಗಬೇಡಿ. ಸೆಪ್ಟೆಂಬರ್‌ನಿಂದ ಮೇ ತನಕ ತಿಂಗಳ ಮೊದಲ ಶನಿವಾರ ರೆಡ್ ಹಿಲ್‌ನಲ್ಲಿ ದೊಡ್ಡ ಸಂತೆ ಸೇರುತ್ತದೆ. ಸಂತೆಗೇ ಹೋಗುವವರಿಗೆ ಹಬ್ಬ, ಬಸ್ಸಿನಲ್ಲಿ ಕೂತು ದಾಟುವವರಿಗೆ ಶಿಕ್ಷೆ. ಮಾರ್ಚ್, ಏಪ್ರಿಲ್ ಚೆನ್ನ. ಹಣ್ಣು ಕೊಯ್ಯುವ ಕಾಲ, ಬಿಸಿಲೂ ಹದ. ಸ್ಟ್ರಾಬೆರಿ ಕೀಳುವ ಆಸೆಯಿದ್ದರೆ ನವೆಂಬರ್‌ನಿಂದ ಏಪ್ರಿಲ್ ಒಳಗೆ.

ಊಟದ ಮೇಜಿನಿಂದ ದಿನ ಕಟ್ಟಿ

ಮೊದಲು ಕಾದಿರಿಸಬೇಕಾದದ್ದು ಊಟ. ಅದರ ಹೊತ್ತು ಗೊತ್ತಾದ ಮೇಲೆ ವೈನರಿಗಳನ್ನು ಹಿಂದೊಂದು ಮುಂದೊಂದು ಜೋಡಿಸಿ. ಖಾಲಿ ಹೊಟ್ಟೆಯಲ್ಲಿ ಹನ್ನೊಂದಕ್ಕೆ ವೈನ್ ಬೇಡ, ಬಸ್ಸಿನಲ್ಲೇ ಇಡ್ಲಿಯೋ ಉಪ್ಪಿಟ್ಟೋ ಆಗಲಿ. ಆದರೆ ಚಿತ್ರಾನ್ನದ ಡಬ್ಬಿ, ಮೊಸರನ್ನದ ಪಾತ್ರೆ ಇಳಿಸಿಕೊಂಡು ವೈನರಿಯ ಹುಲ್ಲುಹಾಸಿನ ಮೇಲೆ ಪಂಕ್ತಿ ಹಾಕಲು ಬಿಡುವುದಿಲ್ಲ. ಹೊರಗಿನ ಊಟಕ್ಕೆ ಅಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಮನೆಯ ಬುತ್ತಿಯೇ ಬೇಕೆನ್ನುವವರು ಡ್ರೊಮಾನಾದ ಕಡಲತೀರದ ಹುಲ್ಲುಹಾಸಿನಲ್ಲಿ ಉಣ್ಣಿ. ಅಲ್ಲಿ ಬಾಟಲಿ ತೆಗೆಯುವ ಮುನ್ನ ಮದ್ಯ ನಿಷೇಧದ ಫಲಕವಿದೆಯೇ ನೋಡಿ. ಹೋಟೆಲ್ ಊಟವಾದರೆ ಒಂದು ವಾರ ಮೊದಲೇ ಎಣಿಕೆ ಬರೆದು ಕಳಿಸಿ: ಸಸ್ಯಾಹಾರಿಗಳು ಎಷ್ಟು, ಮೊಟ್ಟೆ ತಿನ್ನದವರೆಷ್ಟು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರೆಷ್ಟು. ಮೀನು, ಕೋಳಿ ಸಸ್ಯಾಹಾರದ ಲೆಕ್ಕಕ್ಕೆ ಸೇರುವುದಿಲ್ಲ ಎಂದೂ ಬರೆಯಿರಿ. ನಗಬೇಡಿ, ಬರೆಯದಿದ್ದರೆ ತಟ್ಟೆಯಲ್ಲಿ ಬರುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಮೊಟ್ಟೆ, ಹಾಲು ಉಳಿದಿದ್ದರೆ ಲೇಬಲ್ಲಿನಲ್ಲಿ ಬರೆಯಬೇಕು. ಐಸಿಂಗ್ಲಾಸ್‌ಗೆ ಆಸ್ಟ್ರೇಲಿಯದ ನಿಯಮದಲ್ಲಿ ವಿನಾಯಿತಿ ಇದೆ, ಹಾಗಾಗಿ ಲೇಬಲ್ ಓದಿದರೆ ಗೊತ್ತಾಗುವುದಿಲ್ಲ. ‘ವೀಗನ್ ವೈನ್ ಯಾವುದು?’ ಎಂದು ಕೌಂಟರಿನಲ್ಲೇ ಕೇಳಿ. ಅವರಿಗೆ ಹೊಸ ಪ್ರಶ್ನೆಯೇನಲ್ಲ.

ನಮ್ಮ ಗುಂಪುಗಳಲ್ಲಿ ಕುಡಿಯದವರು ಕಾಲು ಭಾಗವಾದರೂ ಇದ್ದೇ ಇರುತ್ತಾರೆ. ಅವರಿಂದಲೂ ರುಚಿಯ ಶುಲ್ಕ ವಸೂಲಿ ಮಾಡುವುದು ಅನ್ಯಾಯ. ಟಿಕೆಟ್ ಎರಡು ದರದ್ದಿರಲಿ. ಬಾಟಲಿ ಕೊಂಡರೆ ರುಚಿಯ ಶುಲ್ಕ ಬಿಟ್ಟುಕೊಡುವ ಪದ್ಧತಿ ಕೆಲವೆಡೆ ಇದೆ, ಗುಂಪಿಗೂ ಅದು ಅನ್ವಯವೇ ಎಂದು ಮೊದಲೇ ಕೇಳಿಕೊಳ್ಳಿ. ಪಾಯಿಂಟ್ ಲಿಯೊ ಎಸ್ಟೇಟಿನಂತೆ ಶಿಲ್ಪವನವಿರುವ ವೈನರಿಯನ್ನು ಆರಿಸಿಕೊಂಡರೆ ಕುಡಿಯದವರೂ ಮಕ್ಕಳೂ ಕಡಲು ನೋಡುತ್ತಾ ಅಡ್ಡಾಡಬಹುದು. ಇನ್ನು, ಟಿಕೆಟ್ ದುಡ್ಡಿನಲ್ಲೇ ವೈನ್ ತಂದು ಬಸ್ಸಿನಲ್ಲಿ ಹಂಚುವ ಉತ್ಸಾಹ ಕೆಲವು ಸಂಘಟಕರಿಗಿದೆ. ಅದು ಮದ್ಯ ಮಾರಿದಂತೆಯೇ ಲೆಕ್ಕ. ಪರವಾನಗಿ ಇಲ್ಲದೆ ಮಾಡಬೇಡಿ.

ಕಡಲು ಬೆಳಿಗ್ಗೆಯೇ

ಎಂಟೂವರೆಗೆ ಹೊರಟರೆ ಹತ್ತಕ್ಕೆ ಡ್ರೊಮಾನಾ. ಸಮುದ್ರ, ಶೌಚಾಲಯ, ಕಾಫಿ ಎಲ್ಲ ಅಲ್ಲೇ. ಹನ್ನೊಂದೂಕಾಲಕ್ಕೆ ಮೊದಲ ವೈನರಿ, ಒಂದಕ್ಕೆ ಊಟ, ಎರಡೂಮುಕ್ಕಾಲಕ್ಕೆ ಎರಡನೆಯದು, ನಾಲ್ಕೂವರೆಗೆ ವಾಪಸ್ ದಾರಿ. ಆರ್ಥರ್ಸ್ ಸೀಟ್ ಬೇಕೆಂದರೆ ಕಡಲತೀರದ ಹೊತ್ತನ್ನು ಬಿಟ್ಟುಕೊಡಬೇಕು. ಆಗ ಎಲ್ಲರನ್ನೂ ಬೆಟ್ಟಕ್ಕೆ ಹೋಗುವ ಗೊಂಡೊಲಾದ, ಅಂದರೆ ಕೇಬಲ್ ಕಾರಿನ, ಕೆಳಗಿನ ನಿಲ್ದಾಣದಲ್ಲಿ ಇಳಿಸಿ, ಬಸ್ ಸುತ್ತಿಕೊಂಡು ಮೇಲೆ ಬಂದು ಕಾಯಲಿ. ಗಾಳಿ ಜೋರಿದ್ದರೆ ಗೊಂಡೊಲಾ ನಿಲ್ಲುತ್ತದೆ, ಬೆಳಿಗ್ಗೆಯೇ ವಿಚಾರಿಸಿ.

ವೈನ್ ಕುಡಿದ ಮೇಲೆ ನೀರಿಗಿಳಿಯುವುದು ಬೇಡವೇ ಬೇಡ. ಕೊಲ್ಲಿಯ ಕಡೆ ನೀರು ಶಾಂತ. ಬಾಸ್ ಜಲಸಂಧಿಯ ಕಡೆ, ಗನ್ನಮಟ್ಟಾದಂಥಲ್ಲಿ, ಒಳಸೆಳೆತ ವಿಪರೀತ. ಪೋರ್ಟ್‌ಸೀ ಬಳಿಯ ಚೆವಿಯಟ್ ಬೀಚಿನಲ್ಲಿ 1967ರ ಡಿಸೆಂಬರ್ 17ರಂದು ಈಜಲು ಇಳಿದ ಆಸ್ಟ್ರೇಲಿಯದ ಅಂದಿನ ಪ್ರಧಾನಿ ಹೆರಾಲ್ಡ್ ಹೋಲ್ಟ್ ಅವರ ದೇಹ ಕೂಡ ಸಿಗಲಿಲ್ಲ. ಅವರು ಆ ನೀರನ್ನು ಚೆನ್ನಾಗಿ ಬಲ್ಲ ಈಜುಗಾರರೇ ಆಗಿದ್ದರು.

ಉಳಿದದ್ದು ಚುಟುಕಾಗಿ

ಬಸ್ಸಿನಲ್ಲಿ ಸೀಟ್ ಬೆಲ್ಟ್ ಇದ್ದರೆ ಕಟ್ಟಿಕೊಳ್ಳಲೇಬೇಕು. ನೀರು ಧಾರಾಳ, ಸ್ವೆಟರ್ ಎಲ್ಲರಿಗೂ, ವಾಂತಿ ಚೀಲ ಕೆಲವರಿಗೆ. ಕೊಂಡ ಬಾಟಲಿಗಳನ್ನು ಹೆಸರು ಬರೆದ ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿನ ಕೆಳಗಿನ ಡಿಕ್ಕಿಗೆ ಹಾಕಿ. ಬೆಳಿಗ್ಗೆ ಹತ್ತಿದ ಜಾಗದಲ್ಲಿ ಕಾರು ಬಿಟ್ಟು ಬಂದವರು ಸಂಜೆ ಅದನ್ನು ಓಡಿಸುವವರು ಯಾರೆಂದು ಹೊರಡುವ ಮುನ್ನವೇ ತೀರ್ಮಾನಿಸಿರಲಿ. ರಕ್ತದಲ್ಲಿ ಆಲ್ಕೊಹಾಲ್ ಮಿತಿ ಪೂರ್ಣ ಲೈಸೆನ್ಸಿನವರಿಗೆ 0.05ಕ್ಕಿಂತ ಕಡಿಮೆ, ಹೊಸ ಲೈಸೆನ್ಸಿನ ಪಿ-ಪ್ಲೇಟಿನವರಿಗೆ ಸೊನ್ನೆ. ಊರಿಗೆ ಮರಳುವ ಅಪ್ಪ ಅಮ್ಮನ ಕೈಯಲ್ಲಿ ಬಾಟಲಿ ಕಳಿಸುವುದಾದರೆ ಭಾರತಕ್ಕೆ ಸುಂಕವಿಲ್ಲದೆ ಒಬ್ಬರಿಗೆ ಎರಡು ಲೀಟರ್. 750 ಮಿ.ಲೀ. ಬಾಟಲಿ ಎರಡೇ ಆಯಿತು. ಕೈಚೀಲದಲ್ಲಲ್ಲ, ಚೆಕ್-ಇನ್ ಸೂಟ್‌ಕೇಸಿನಲ್ಲಿ, ಸೀರೆಯಲ್ಲೋ ಟವೆಲ್ಲಿನಲ್ಲೋ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಇಡಿ.