ಅಧಿಕಾರವೂ ನ್ಯಾಯವೂ: ಕಾಗೋಡಿನ ಕೊಳಗದ ಪಾಠ



ನ್ಯಾಯವೆಂಬುದು ಕೋರ್ಟಿನಲ್ಲಿ ದೊರೆಯತಕ್ಕ ವಸ್ತುವೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ಆದರೆ ವ್ಯಾಜ್ಯವು ಕೋರ್ಟಿನ ಮೆಟ್ಟಿಲು ಹತ್ತುವ ಎಷ್ಟೋ ಮೊದಲೇ ಅದು ಕಣದಲ್ಲಿ ತೀರ್ಮಾನವಾಗಿ ಹೋಗಿರುವುದುಂಟು. ಭತ್ತ ಅಳೆಯುವ ಕೊಳಗ ಯಾರದು, ಲೆಕ್ಕ ಬರೆಯುವವರು ಯಾರು ಎಂದು ವಿಚಾರಿಸಿದರೆ ಸಾಕು, ಆ ಊರಿನಲ್ಲಿ ಅಧಿಕಾರ ಎಲ್ಲಿದೆಯೆಂಬುದು ತಿಳಿಯುತ್ತದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ ನಡೆದದ್ದನ್ನು ನೋಡಿರಿ.

ಅಲ್ಲಿನ ಗೇಣಿದಾರರು ಒಡೆಯರ ಗದ್ದೆಗಳನ್ನು ಉತ್ತು ಬೆಳೆದು ಗೇಣಿಯನ್ನು ಭತ್ತದಲ್ಲಿ ಅಳೆಯುತ್ತಿದ್ದರು. ತಕರಾರು ಹುಟ್ಟಿದ್ದು ಅಳೆಯುವ ಕೊಳಗದ ಗಾತ್ರದ ಮೇಲೆ. ಇದೇನು ಸಣ್ಣ ವಿಷಯವೆಂದು ಪೇಟೆಯವರು ಕೇಳಬಹುದು. ನಿಮಗೆ ಹಾಗೆ ತೋರಲಾರದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗವು ಅರ್ಧ ಸೇರು ದೊಡ್ಡದಾದರೆ ಖಂಡುಗಕ್ಕೆ 10 ಸೇರು, ಹತ್ತು ಖಂಡುಗ ಗೇಣಿಗೆ 100 ಸೇರು ಭತ್ತ ಹೆಚ್ಚಾಗಿ ಹೋಗುತ್ತದೆ. ಒಂದು ಸಂಸಾರದ ಮಳೆಗಾಲದ ಗಂಜಿಯೇ ಅದು! ಮಾತಿನಲ್ಲಿ ಗೇಣಿ ಏರಿಲ್ಲ, ಕಣದಲ್ಲಿ ಏರಿದೆ. ಕೇಳೋಣವೆಂದರೆ ಕೇಳುವವನಿಗೆ ಮುಂದಿನ ವರ್ಷ ಗದ್ದೆ ಸಿಕ್ಕುವ ಭರವಸೆ ಇಲ್ಲ.

ಗೇಣಿದಾರರ ಬೇಡಿಕೆಗಳು ಬಹಳ ಸರಳವಾಗಿದ್ದವು. ಅಳತೆ ಸರಿಯಾಗಿರಬೇಕು, ಕೊಟ್ಟ ಗೇಣಿಗೆ ರಶೀದಿ ಬೇಕು, ಬಿಟ್ಟಿ ದುಡಿಮೆ ನಿಲ್ಲಬೇಕು. ಸಾಗರ ಸೀಮೆಯಲ್ಲಿ ಎಚ್. ಗಣಪತಿಯಪ್ಪನವರು ರೈತರ ಸಂಘ ಕಟ್ಟಿದ್ದರು. 1951ರ ಏಪ್ರಿಲಿನಲ್ಲಿ ರೈತರು ನೇಗಿಲು ಹೊತ್ತು ಗದ್ದೆಗಿಳಿದು ಸತ್ಯಾಗ್ರಹ ಹೂಡಿದರು. ತಂಡ ತಂಡವಾಗಿ ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು. ಜೂನಿನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದರು.

ರಶೀದಿಯ ಬೇಡಿಕೆಯನ್ನು ಸ್ವಲ್ಪ ಯೋಚಿಸಿ ನೋಡಿರಿ. ಕಾಗದವಿಲ್ಲದ ಗೇಣಿದಾರನು ಮೂವತ್ತು ವರ್ಷ ಉತ್ತರೂ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಪಹಣಿ ಬರೆಯುತ್ತಿದ್ದ ಶಾನುಭೋಗರ ಹುದ್ದೆಯೋ, ಆ ಕಾಲದಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಅದು ರದ್ದಾದದ್ದು 1963ರಲ್ಲಿ. ಅವರಲ್ಲಿ ಧರ್ಮಬುದ್ಧಿಯವರೂ ಇದ್ದರು, ಇಲ್ಲವೆನ್ನಲಾಗದು. ಆದರೆ ಒಬ್ಬರ ಧರ್ಮಬುದ್ಧಿಯ ಮೇಲೆ ಊರಿನ ನ್ಯಾಯವೆಲ್ಲ ನಿಂತಿದ್ದರೆ ಅದು ನ್ಯಾಯವಲ್ಲ, ದಾಕ್ಷಿಣ್ಯ.

1961ರ ಭೂಸುಧಾರಣಾ ಕಾನೂನು 1965ರಲ್ಲಿ ಜಾರಿಗೆ ಬಂದಿತು. ಆದರೆ ಅದರಲ್ಲಿ ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಭೂಮಿಯನ್ನು ಹಿಂದಕ್ಕೆ ಪಡೆಯಲು ದಾರಿಯಿತ್ತು. ಬಲವುಳ್ಳವರಿಗೆ ಅಷ್ಟು ದಾರಿ ಸಾಕು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಬಂದ ತಿದ್ದುಪಡಿಯೇ ನಿಜವಾದ ಬದಲಾವಣೆ. ಅದರಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ತನ್ನ ಹಕ್ಕನ್ನು ಕೇಳಬೇಕಾಯಿತು. ಅರ್ಜಿ ವಿಚಾರಿಸಲು ಭೂ ನ್ಯಾಯಮಂಡಳಿಗಳಾದವು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಉಳಿದವರು ಸರ್ಕಾರಿ ನೌಕರರಲ್ಲದ ಸದಸ್ಯರು. ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಅವರಲ್ಲಿ ಇರಲೇಬೇಕಿತ್ತು. ಮೊದಲಿಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ನನಗೆ ಇದು ಬಹು ಜಾಣತನದ ಏರ್ಪಾಡೆಂದು ತೋರುತ್ತದೆ, ಏಕೆಂದರೆ ವಕೀಲರಿಗೆ ಫೀಜು ಕೊಡುವ ಶಕ್ತಿ ಇಬ್ಬರಿಗೂ ಒಂದೇ ಇರಲಿಲ್ಲ. 8 ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು; ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು.

ಹಾಗೆಂದು ಎಲ್ಲರಿಗೂ ನ್ಯಾಯ ದೊರೆಯಿತೆಂದು ಹೇಳಲಾರೆವು. ಸೈನಿಕರಿಗೆ ಇದ್ದ ವಿನಾಯಿತಿಯು ವಿಧವೆಯರಿಗೆ ಇರಲಿಲ್ಲ. ಎರಡು ಎಕರೆ ಗೇಣಿಗೆ ಕೊಟ್ಟು ಅದರ ಭತ್ತದಿಂದಲೇ ಜೀವಿಸುತ್ತಿದ್ದ ತಾಯಂದಿರು ಕೂಡ ಜಮೀನು ಕಳೆದುಕೊಂಡರು. ಗದ್ದೆಯಲ್ಲಿ ಕೂಲಿಗೆ ದುಡಿದವರು ಗೇಣಿದಾರರಲ್ಲವಾದ್ದರಿಂದ ಅವರಿಗೆ ಈ ಅರ್ಜಿಯಿಂದ ಏನೂ ಬರಲಿಲ್ಲ. ಒಡೆಯನ ಕೈಯಿಂದ ಜಾರಿದ ಬಲ ಎಷ್ಟೋ ಕಡೆ ದೊಡ್ಡ ಗೇಣಿದಾರನ ಕೈ ಸೇರಿತು.

ಈಗ ನಿಮ್ಮ ಊರಿನ ವಿಷಯ. ನಮ್ಮ ರಾಜ್ಯದಲ್ಲಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಸಾಮಾನ್ಯವಾಗಿ ಕಾನೂನಿನ ಒಪ್ಪಿಗೆ ಇಲ್ಲ. ಆದರೂ ವಾರ, ಗುತ್ತಿಗೆ ಎಂದು ಬಾಯಿಮಾತಿನಲ್ಲಿ ಅದು ನಡೆದೇ ಇದೆ. ಮಳೆ ಕೈಕೊಟ್ಟ ವರ್ಷ ಬೆಳೆ ಪರಿಹಾರ ಬಂದರೆ ಅದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು ನೋಡುತ್ತ ನಿಲ್ಲಬೇಕಾಗುತ್ತದೆ. ಇದು ಮತ್ತೆ ಅದೇ ಕೊಳಗ, ಆಕಾರ ಮಾತ್ರ ಬೇರೆ. ಇಂಥ ಒಪ್ಪಂದ ಮಾಡಿಕೊಂಡವರು ಬೆಳೆ ಹೋದರೆ ನಷ್ಟ ಯಾರದು, ಪರಿಹಾರ ಬಂದರೆ ಹಂಚಿಕೆ ಹೇಗೆ ಎಂಬುದನ್ನು ಬಿತ್ತನೆಗೆ ಮುಂಚೆಯೇ ನಾಲ್ಕು ಜನರ ಎದುರು ಮಾತಾಡಿಕೊಳ್ಳಲಿ.

ಸ್ವಂತ ಜಮೀನುಳ್ಳವರು ವರ್ಷಕ್ಕೊಮ್ಮೆಯಾದರೂ ಪಹಣಿ ತೆಗೆಸಿ ನೋಡಿರಿ. 1964ರ ಭೂಕಂದಾಯ ಕಾನೂನಿನ ಪ್ರಕಾರ, ಹಕ್ಕು ದಾಖಲೆಯಲ್ಲಿ ಬರೆದದ್ದು ತಪ್ಪೆಂದು ರುಜುವಾಗುವವರೆಗೆ ಅದೇ ನಿಜವೆಂದು ಹಿಡಿಯಲಾಗುತ್ತದೆ. ತಪ್ಪನ್ನು ತೋರಿಸಿಕೊಡುವ ಹೊರೆ ನಿಮ್ಮ ಮೇಲಿರುತ್ತದೆ. ಒಂಬತ್ತನೆಯ ಕಾಲಂನಲ್ಲಿ ಯಾರ ಹೆಸರಿದೆ, ಮನೆಯ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ನೋಡಿರಿ. ತಪ್ಪಿದ್ದರೆ ತಾಲ್ಲೂಕು ಕಚೇರಿಗೆ ಬರಹದಲ್ಲಿ ಅರ್ಜಿ ಕೊಟ್ಟು, ನಿಮ್ಮಲ್ಲುಳಿಯುವ ಪ್ರತಿಯ ಮೇಲೆ ತಾರೀಖು ಸಹಿತ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿರಿ.