ಗಣಕಯಂತ್ರದ ವ್ಯಾಖ್ಯಾನಕಾರ ಮತ್ತು ಕನ್ನಡದ ಆಜ್ಞಾಪದ

ಆಜ್ಞಾಪಿಸುವವನಿಗೂ ಆಜ್ಞೆಯನ್ನು ನಡೆಸುವ ಯಂತ್ರಕ್ಕೂ ನಡುವೆ ಅರ್ಥವನ್ನು ಬಿಡಿಸಿ ತಿಳಿಸುವವನೊಬ್ಬನು ಬೇಕು. ಗಣಕಯಂತ್ರದಲ್ಲಿ ಈ ಕಾರ್ಯವನ್ನು ವಹಿಸಿಕೊಂಡಿರುವ ಕ್ರಮವಿಧಿಗೆ ಇಂಟರ್‌ಪ್ರಿಟರ್ ಎಂದು ಹೆಸರು. ವ್ಯಾಖ್ಯಾನಕಾರನೆಂದು ಕರೆದರೆ ತಪ್ಪಾಗಲಾರದು. ಒಂದು ಸಾಲನ್ನು ಓದುವುದು, ಅರ್ಥವನ್ನು ನಿರ್ಣಯಿಸಿ ನಡೆಸುವುದು, ಫಲವನ್ನು ತೆರೆಯ ಮೇಲೆ ಮೂಡಿಸುವುದು, ಮತ್ತೆ ಮುಂದಿನ ಸಾಲಿಗಾಗಿ ಕಾದಿರುವುದು ಇದರ ನಿತ್ಯಕರ್ಮ.

ಈ ಕ್ರಮದ ಮೂಲವು ಲಿಸ್ಪ್ ಎಂಬ ಭಾಷೆಯಲ್ಲಿದೆ. ಅಮೆರಿಕೆಯ ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅರ್ಥನಿರ್ಣಯದ ಸೂತ್ರವೊಂದು ಕೇವಲ ತತ್ತ್ವನಿರೂಪಣೆಗಾಗಿ ಬಂದಿತ್ತು. ಅದನ್ನು ಐಬಿಎಂ 704 ಯಂತ್ರದ ಭಾಷೆಗೆ ಇಳಿಸಿ ನಡೆಯುವಂತೆ ಮಾಡಿದವರು ಸ್ಟೀವ್ ರಸೆಲ್.

ಇಂದು ಇಂತಹುದನ್ನು ರಚಿಸಲು ಬಯಸುವ ವಿದ್ಯಾರ್ಥಿಗೆ ಅಷ್ಟು ಶ್ರಮವಿಲ್ಲ. ಗೀಡೊ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ ಪೈಥಾನ್ ಭಾಷೆಯೊಡನೆ ಈಗ ‘ಸಿಎಂಡಿ’ ಎಂಬ ಸಿದ್ಧ ಚೌಕಟ್ಟು ದೊರೆಯುತ್ತದೆ. ಶಾಲೆಯ ಗ್ರಂಥಾಲಯದ ದಾಖಲೆಗೆ ಸೇರಿಸು, ಹುಡುಕು, ಅಳಿಸು, ಮುಗಿಸು ಎಂಬ ನಾಲ್ಕು ಆಜ್ಞೆಗಳು ಬೇಕೆನ್ನೋಣ. ಪ್ರತಿಯೊಂದಕ್ಕೂ ‘ಡೂ’ ಎಂಬ ಪೂರ್ವಪದವನ್ನೂ ಅಡಿಗೆರೆಯನ್ನೂ ಹಚ್ಚಿದ ಹೆಸರಿನ ಒಂದೊಂದು ವಿಧಿಯನ್ನು ಬರೆದರೆ ಸಾಕು. ಸಾಲಿನ ಮೊದಲ ಪದವನ್ನು ಕತ್ತರಿಸಿ, ಆ ಹೆಸರಿನ ವಿಧಿಯನ್ನು ಹುಡುಕಿ, ಉಳಿದ ಭಾಗವನ್ನು ಅದಕ್ಕೆ ಒಪ್ಪಿಸುವ ಕೆಲಸವನ್ನು ಚೌಕಟ್ಟೇ ಮಾಡುತ್ತದೆ.

ಆದರೆ ಅದರ ಮೌನವ್ಯಾಖ್ಯಾನವು ಅಪಾಯಕರ. ಬಳಕೆದಾರನು ಏನನ್ನೂ ಬರೆಯದೆ ಎಂಟರ್ ಕೀಲಿಯನ್ನೊತ್ತಿದರೆ, ಚೌಕಟ್ಟು ಹಿಂದಿನ ಆಜ್ಞೆಯನ್ನೇ ಮತ್ತೊಮ್ಮೆ ನಡೆಸುತ್ತದೆ. ಪಟ್ಟಿಯ ಹತ್ತನೆಯ ಪುಸ್ತಕವನ್ನು ಅಳಿಸಿದವನು ಕೈತಪ್ಪಿ ಇನ್ನೊಮ್ಮೆ ಕೀಲಿಯನ್ನೊತ್ತಿದನೆಂದರೆ, ಹನ್ನೊಂದನೆಯದು ಅಷ್ಟರಲ್ಲಿ ಹತ್ತನೆಯದಾಗಿರುವುದರಿಂದ ಅದೂ ಅಳಿದುಹೋಗುತ್ತದೆ. ಖಾಲಿ ಸಾಲಿಗೆ ಏನನ್ನೂ ಮಾಡಬಾರದೆಂದು ರಚನಕಾರನು ಮೊದಲೇ ವಿಧಿಸಬೇಕು. ವಿಧಿಯೊಂದು ‘ನಿಜ’ ಎನ್ನಬಹುದಾದ ಯಾವುದೇ ಬೆಲೆಯನ್ನು ಹಿಂತಿರುಗಿಸಿದರೆ ಸಂವಾದವೇ ಮುಗಿಯುತ್ತದೆ. ‘ಮುಗಿಸು’ ಎಂಬುದಕ್ಕೆ ಇದು ಯುಕ್ತ. ‘ಹುಡುಕು’ ವಿಧಿಯು ಸಿಕ್ಕ ಪುಸ್ತಕದ ಹೆಸರನ್ನು ಹಿಂತಿರುಗಿಸಿದರೂ ಹಾಗೆಯೇ ಆಗುವುದು ಹೊಸಬರಿಗೆ ಒಗಟು. ವಿಧಿಯೊಳಗೆ ದೋಷವುಂಟಾದರೂ ಚೌಕಟ್ಟು ಅದನ್ನು ತಡೆದುಕೊಳ್ಳುವುದಿಲ್ಲ. ಹಿಡಿದು ತಿಳಿಸುವ ಏರ್ಪಾಡು ರಚನಕಾರನದೇ.

ಕನ್ನಡದಲ್ಲಿ ಧಾತುವೇ ವಿಧ್ಯರ್ಥದ ಮಧ್ಯಮಪುರುಷ ಏಕವಚನವಾಗಿ ನಿಲ್ಲುವುದರಿಂದ ಆಜ್ಞಾಪದಗಳಿಗೆ ನಮ್ಮ ನುಡಿ ಸಹಜವಾಗಿಯೇ ಒಗ್ಗಬೇಕು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ವಿಧಿಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಹಾಗಿದ್ದೂ ‘ಹುಡುಕು’ ಎಂದು ಬರೆದರೆ ‘ಅಪರಿಚಿತ ವಾಕ್ಯ’ವೆಂಬ ಉತ್ತರ ಬರುತ್ತದೆ. ಆಜ್ಞಾಪದದಲ್ಲಿ ಬರಬಹುದಾದ ಅಕ್ಷರಗಳ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ ಮತ್ತು ಅಡಿಗೆರೆಗಳಷ್ಟೇ ಇರುವುದು ಇದರ ಕಾರಣ. ಮನೆಯಲ್ಲಿ ಪೀಠವುಂಟು, ಬಾಗಿಲಲ್ಲಿ ಪ್ರವೇಶವಿಲ್ಲ! ಪಟ್ಟಿಯನ್ನು ಒಂದೇ ಸಾಲಿನಲ್ಲಿ ವಿಸ್ತರಿಸಬಹುದು. ಆದರೆ ಸ್ವರವ್ಯಂಜನಗಳನ್ನು ಸೇರಿಸಿದರೆ ಸಾಲದು. ಯಂತ್ರಕ್ಕೆ ‘ಹು’ ಎಂಬುದು ಹಕಾರ ಮತ್ತು ಕೊಂಬು ಎಂಬ ಎರಡು ಸಂಕೇತಗಳು. ಗುಣಿತಚಿಹ್ನೆಗಳನ್ನು ಬಿಟ್ಟರೆ ಪದವು ‘ಹ’ದಲ್ಲಿಯೇ ತುಂಡಾಗುತ್ತದೆ.

ಎರಡನೆಯ ತೊಡಕು ಪದಕ್ರಮದ್ದು. ಚೌಕಟ್ಟು ಇಂಗ್ಲಿಷಿನಂತೆ ಕ್ರಿಯಾಪದವನ್ನು ಮೊದಲು ಅಪೇಕ್ಷಿಸುತ್ತದೆ. ಕನ್ನಡದ ಬಾಲಕನು ‘ಪಂಪಭಾರತ ಹುಡುಕು’ ಎನ್ನುತ್ತಾನೆ. ಸಾಲನ್ನು ನಡೆಸುವುದಕ್ಕೆ ಮುನ್ನ ತಿದ್ದಿಕೊಳ್ಳಲು ‘ಪ್ರೀಸಿಎಂಡಿ’ ಎಂಬ ಸ್ಥಾನವನ್ನು ಚೌಕಟ್ಟಿನಲ್ಲಿ ತೆರೆದಿರಿಸಿದ್ದಾರೆ. ಕೊನೆಯ ಪದವು ಗೊತ್ತಿರುವ ಆಜ್ಞೆಯಾಗಿದ್ದರೆ ಅದನ್ನು ಅಲ್ಲಿ ಮೊದಲಿಗೆ ತರಬಹುದು. ಇಲ್ಲವಾದರೆ ಸಾಲನ್ನು ಇದ್ದಂತೆಯೇ ಬಿಡಬೇಕು.

ಅದೇ ಸ್ಥಾನದಲ್ಲಿ ಇನ್ನೊಂದು ಸಂಸ್ಕಾರವೂ ಅವಶ್ಯ. ‘ಸೇರಿಸು’ ಎಂಬಲ್ಲಿಯ ‘ಸೇ’ಯನ್ನು ಸಕಾರ ಮತ್ತು ಏತ್ವವೆಂದು ಬರೆದಿಡಬಹುದು, ಸಕಾರ, ಎತ್ವ, ದೀರ್ಘಚಿಹ್ನೆ ಎಂದು ಮೂರಾಗಿಯೂ ಬರೆದಿಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಪೈಥಾನ್ ವಿಧಿಯ ಹೆಸರನ್ನು ತಾನೇ ಏಕರೂಪಕ್ಕೆ ತಂದುಕೊಳ್ಳುತ್ತದೆ, ಬಳಕೆದಾರನು ಬರೆದ ಸಾಲನ್ನು ತಂದುಕೊಳ್ಳುವುದಿಲ್ಲ. ಆದುದರಿಂದ ಪದಕ್ರಮವನ್ನು ಬದಲಿಸುವುದಕ್ಕೂ ಮೊದಲು, ಭಾಷೆಯೊಡನೆಯೇ ಬರುವ ‘ಯೂನಿಕೋಡ್‌ಡೇಟಾ’ ಘಟಕದ ಮೂಲಕ ಆ ಸಾಲನ್ನೂ ಏಕರೂಪಗೊಳಿಸಬೇಕಾಗುತ್ತದೆ.